ದೊಡ್ಡಬಳ್ಳಾಪುರದ ವರ್ಷದ ಲೆಕ್ಕ

ಊರಿನ ವರ್ಷ ಯುಗಾದಿಯಿಂದ ಶುರುವಾದರೆ ನಗರಸಭೆಯ ವರ್ಷ ಏಪ್ರಿಲ್ 1ರಿಂದ. ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬರುವುದರಿಂದ ದೊಡ್ಡಬಳ್ಳಾಪುರದ ಮನೆ ಮಾಲೀಕರಿಗೆ ಬೇವು–ಬೆಲ್ಲದ ಜೊತೆಗೆ ಆಸ್ತಿ ತೆರಿಗೆಯೂ ನೆನಪಾಗುತ್ತದೆ. ಏಪ್ರಿಲ್ ಮುಗಿಯುವುದರೊಳಗೆ ಕಟ್ಟಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ಗಡುವು ಮೀರಿದರೆ ತಿಂಗಳಿಗೆ ಶೇ 2ರಂತೆ ದಂಡ ಏರುತ್ತಾ ಹೋಗುತ್ತದೆ. ಹಾಗಾಗಿ ವರ್ಷದ ಮೊದಲ ತಿಂಗಳು ನಗರಸಭೆಯ ಕಂದಾಯ ಶಾಖೆಯಲ್ಲಿ ಜನ ಹೆಚ್ಚು.

ಅಲ್ಲಿ ಸಿಗುವ ಚಲನ್ ಅನ್ನು ಮಡಚಿ ಜೇಬಿಗೆ ಹಾಕುವ ಮುನ್ನ ಒಮ್ಮೆ ಓದಬೇಕು. ಒಂದು ಮನೆಯ ತೆರಿಗೆ 2,000 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಕೆಳಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಎಂದು ಮೂರು ಸಾಲು ಇರುತ್ತವೆ. 300, 120 ಮತ್ತು 60 ಸೇರಿ 480 ರೂಪಾಯಿ. ಈ 480 ರೂಪಾಯಿಯಲ್ಲಿ ಬಹುಪಾಲು ನಗರಸಭೆಯ ಕೈಯಲ್ಲಿ ಉಳಿಯುವುದಿಲ್ಲ. ವಸೂಲು ಮಾಡಿ ಸರ್ಕಾರಕ್ಕೆ, ಗ್ರಂಥಾಲಯ ಇಲಾಖೆಗೆ, ನಿರಾಶ್ರಿತರ ಪರಿಹಾರ ಸಮಿತಿಗೆ ದಾಟಿಸುವುದಷ್ಟೇ ಅದರ ಕೆಲಸ. ಬೀದಿದೀಪಕ್ಕೆ, ಚರಂಡಿಗೆ, ರಸ್ತೆ ಗುಂಡಿಗೆ ಬಳಸಬಹುದಾದದ್ದು ಉಳಿದ 2,000. ಕಸದ ಶುಲ್ಕ, ನೀರಿನ ಕಂದಾಯ ಬೇರೆ.

ಒಂದು ಸಣ್ಣ ನಗರ ವರ್ಷದಲ್ಲಿ ಎಷ್ಟು ಮುಂದೆ ಹೋಯಿತು ಎಂದು ಅಳೆಯಲು ಹೊರಟರೆ ಇಲ್ಲಿಂದಲೇ ಶುರುಮಾಡಬೇಕಾಗುತ್ತದೆ. ಎಷ್ಟು ಕೋಟಿಯ ಕಾಮಗಾರಿ, ಎಷ್ಟು ಗುದ್ದಲಿ ಪೂಜೆ, ಎಷ್ಟು ಉದ್ಘಾಟನೆ ಎಂಬ ಲೆಕ್ಕ ಸುಲಭವಾಗಿ ಸಿಗುತ್ತದೆ. ಅದು ಖರ್ಚಿನ ಲೆಕ್ಕ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಂತು, ಒಳಚರಂಡಿಯ ನೀರು ಎಲ್ಲಿಗೆ ಹೋಯಿತು, ಆಸ್ತಿಯ ಖಾತೆಗೆ ಅರ್ಜಿ ಹಾಕಿದವರು ಎಷ್ಟು ಸಲ ಅಲೆದರು ಎಂಬುದು ಫಲದ ಲೆಕ್ಕ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ದೊಡ್ಡಬಳ್ಳಾಪುರದಲ್ಲಿ ಈ ಎರಡು ಲೆಕ್ಕಗಳ ನಡುವಿನ ಅಂತರ ಚೆನ್ನಾಗಿ ಕಾಣುತ್ತದೆ. ಈ ಭಾಗದ ಬೆಳವಣಿಗೆಯೆಲ್ಲ ನಗರಸಭೆಯ ಗಡಿಯಾಚೆ ನಡೆಯುತ್ತಿದೆ, ಅದರ ಭಾರ ಮಾತ್ರ ಗಡಿಯೊಳಗೆ ಬೀಳುತ್ತಿದೆ.

ಯಾರ ಕೈಯಲ್ಲಿ ಏನಿದೆ

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ 18 ವಿಷಯಗಳನ್ನು ಪಟ್ಟಿ ಮಾಡಿಕೊಟ್ಟಿದೆ. ಕುಡಿಯುವ ನೀರು, ನೈರ್ಮಲ್ಯ, ರಸ್ತೆ, ಬೀದಿದೀಪ, ಕಟ್ಟಡ ನಿಯಂತ್ರಣ, ಸ್ಮಶಾನ, ಜನನ–ಮರಣ ನೋಂದಣಿ ಎಲ್ಲವೂ ಅದರಲ್ಲಿವೆ. ಕರ್ನಾಟಕದಲ್ಲಿ ಸಣ್ಣ ಊರುಗಳ ಆಡಳಿತ ನಡೆಯುವುದು 1964ರ ಪೌರಸಭೆಗಳ ಅಧಿನಿಯಮದ ಅಡಿ. ಜನಸಂಖ್ಯೆ 10 ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ, 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ ಎಂಬುದು ಸ್ಥೂಲ ಮೆಟ್ಟಿಲು.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಮೆಟ್ಟಿಲುಗಳೆಲ್ಲ ಒಟ್ಟಿಗೇ ನೋಡಲು ಸಿಗುತ್ತವೆ. ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಗರಸಭೆಗಳು. ದೇವನಹಳ್ಳಿ ಮತ್ತು ಅದೇ ತಾಲ್ಲೂಕಿನ ವಿಜಯಪುರ ಪುರಸಭೆಯ ಮೆಟ್ಟಿಲು ಹತ್ತಿದ ಪಟ್ಟಣಗಳು. ದೊಡ್ಡಬಳ್ಳಾಪುರಕ್ಕೆ ಅಂಟಿಕೊಂಡಂತಿರುವ ಬಾಶೆಟ್ಟಿಹಳ್ಳಿ, ಗ್ರಾಮ ಪಂಚಾಯಿತಿಯಾಗಿದ್ದದ್ದು ಪಟ್ಟಣ ಪಂಚಾಯಿತಿಯಾಗಿದೆ. ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಹಿಂದಿನಿಂದಲೂ ದೊಡ್ಡ ಊರು ದೊಡ್ಡಬಳ್ಳಾಪುರವೇ. 2001ರ ಜನಗಣತಿಯಲ್ಲಿ ಅದರ ಜನಸಂಖ್ಯೆ 71,509. ಆಗ ಹೊಸಕೋಟೆಯಲ್ಲಿ 36,333, ನೆಲಮಂಗಲದಲ್ಲಿ 25,287, ದೇವನಹಳ್ಳಿಯಲ್ಲಿ 23,190 ಜನರಿದ್ದರು.

ದೊಡ್ಡಬಳ್ಳಾಪುರ ನಗರಸಭೆಗೆ 31 ವಾರ್ಡ್‌ಗಳು. 2021ರ ಸೆಪ್ಟೆಂಬರ್ 3ರಂದು ನಡೆದ ಚುನಾವಣೆಯಲ್ಲಿ ಬಿಜೆಪಿ 12, ಕಾಂಗ್ರೆಸ್ 9, ಜೆಡಿಎಸ್ 7, ಪಕ್ಷೇತರರು 3 ಸ್ಥಾನ ಗೆದ್ದರು. ಯಾರಿಗೂ ಬಹುಮತ ಬರಲಿಲ್ಲ. ಇಂಥ ಸಭೆಯಲ್ಲಿ ಅಧ್ಯಕ್ಷರ ಆಯ್ಕೆಯೇ ಒಂದು ದೊಡ್ಡ ಕಸರತ್ತು. ಅಧ್ಯಕ್ಷ–ಉಪಾಧ್ಯಕ್ಷರ ಅವಧಿ 30 ತಿಂಗಳು, ಹುದ್ದೆಗೆ ಮೀಸಲಾತಿ ಸರದಿಯ ಮೇಲೆ ಬರುತ್ತದೆ. ಮೀಸಲಾತಿ ಪಟ್ಟಿ ತಡವಾದರೆ ಕುರ್ಚಿ ಖಾಲಿ. ರಾಜ್ಯದ ಅನೇಕ ನಗರಸಭೆ, ಪುರಸಭೆಗಳು 2023ರ ಮಧ್ಯದಿಂದ 2024ರ ಆಗಸ್ಟ್‌ವರೆಗೆ ಎರಡನೇ ಅವಧಿಯ ಅಧ್ಯಕ್ಷರಿಲ್ಲದೆ ಕಾದವು. ಆ ಹೊತ್ತಿನಲ್ಲಿ ಸದಸ್ಯರು ಇದ್ದೂ ಇಲ್ಲದಂತೆ. ಕಡತಗಳು ಆಡಳಿತಾಧಿಕಾರಿಯ ಮೇಜಿಗೆ ಹೋಗುತ್ತವೆ, ವಾರ್ಡಿನ ದೂರು ಪೌರಾಯುಕ್ತರ ಕಚೇರಿಯ ಬಾಗಿಲಲ್ಲಿ ನಿಲ್ಲುತ್ತದೆ.

ಮೇ ತಿಂಗಳ ನೀರು

ತೆರಿಗೆಯ ತಿಂಗಳು ಮುಗಿಯುತ್ತಿದ್ದಂತೆ ನೀರಿನ ತಿಂಗಳು ಬರುತ್ತದೆ. ಬಯಲುಸೀಮೆಯ ಈ ಊರಿಗೆ ವರ್ಷವಿಡೀ ಹರಿಯುವ ನದಿಯಿಲ್ಲ. ಚಿಕ್ಕಬಳ್ಳಾಪುರ ತಾಲ್ಲೂಕಿನ ಜಕ್ಕಲಮಡಗು ಜಲಾಶಯದ ನೀರನ್ನು ಚಿಕ್ಕಬಳ್ಳಾಪುರ ಮತ್ತು ದೊಡ್ಡಬಳ್ಳಾಪುರ ಎರಡೂ ಹಂಚಿಕೊಳ್ಳುತ್ತವೆ. ಮಳೆ ಚೆನ್ನಾಗಿ ಬಂದ ವರ್ಷ ಜಲಾಶಯ ಕೋಡಿ ಬೀಳುತ್ತದೆ. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿಯೇ ಗತಿ. ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿವೆ. ಸಾವಿರ ಅಡಿ ಕೊರೆದರೂ ನೀರು ಸಿಗದ ಕಥೆಗಳು ಇಲ್ಲಿ ಯಾರಿಗೂ ಹೊಸತಲ್ಲ.

ಒಂದು ಲೆಕ್ಕ ಹಾಕೋಣ. ಒಳಚರಂಡಿ ಇರುವ ನಗರದಲ್ಲಿ ತಲಾ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಎಂಬುದು ದೇಶದಲ್ಲಿ ಒಪ್ಪಿಕೊಂಡಿರುವ ಮಾನದಂಡ. ಒಂದು ಲಕ್ಷ ಜನರ ಊರಿಗೆ ದಿನಕ್ಕೆ 1 ಕೋಟಿ 35 ಲಕ್ಷ ಲೀಟರ್ ಬೇಕು. ಇದಿಷ್ಟೂ ಪ್ರತಿದಿನ ಸಿಕ್ಕರೆ ನೀರು ಬಿಡುವ ದಿನ ಎಂಬ ಮಾತೇ ಇರುವುದಿಲ್ಲ. ಆದರೆ ಸಣ್ಣ ನಗರಗಳ ಮನೆಗಳಲ್ಲಿ ಆ ಮಾತು ಇದೆ. ಬೀದಿಯ ಮೂಲೆಯಲ್ಲಿ ನೀರುಗಂಟಿ ಉದ್ದನೆಯ ಕಬ್ಬಿಣದ ಕೀಲಿ ಇಳಿಸಿ ವಾಲ್ವ್ ತಿರುಗಿಸಿದ ಎಂದರೆ ಅತ್ತ ಸಂಪಿನ ಮುಚ್ಚಳ ತೆರೆಯುತ್ತದೆ, ಇತ್ತ ಬಿಂದಿಗೆ, ಡ್ರಮ್ಮು ಸಾಲುಗಟ್ಟುತ್ತವೆ. ಸಂಪು ಕಟ್ಟಿಸಲು ಜಾಗವಿರುವ ಮನೆಗೆ ವಾರಕ್ಕೊಮ್ಮೆ ಬಂದರೂ ಸಾಕು. ಒಂದೇ ಕೋಣೆಯ ಬಾಡಿಗೆ ಮನೆಗೆ ಅದು ಸಾಲದು. ಅವರು ಟ್ಯಾಂಕರ್‌ಗೆ ದುಡ್ಡು ಕೊಡಬೇಕು, ಇಲ್ಲವೇ ಪಕ್ಕದ ಮನೆಯ ಮುಲಾಜಿಗೆ ಬೀಳಬೇಕು. ಊರಿಗೆಲ್ಲ ಒಂದೇ ನೀರಿನ ಯೋಜನೆಯಾದರೂ ಎಲ್ಲರಿಗೂ ಒಂದೇ ಸೇವೆ ಸಿಗುವುದಿಲ್ಲ ಎಂಬುದು ಇದೇ.

ಇಂಥ ಕಾಮಗಾರಿಗಳಲ್ಲಿ ಹಲವು ಇಲಾಖೆಗಳ ಕೈ ಇರುತ್ತದೆ. ದೊಡ್ಡ ಯೋಜನೆಗಳನ್ನು ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಕಟ್ಟಿದ ಮೇಲೆ ನಡೆಸಬೇಕಾದ್ದು ನಗರಸಭೆ. ಪೈಪ್ ಹಾಕಲು ರಾಜ್ಯದ ನಗರೋತ್ಥಾನ ಯೋಜನೆಯಿಂದಲೋ ಕೇಂದ್ರದ ಅಮೃತ್‌ನಿಂದಲೋ ಹಣ ಬರುತ್ತದೆ. 2021ರ ಅಕ್ಟೋಬರ್‌ನಲ್ಲಿ ಶುರುವಾದ ಅಮೃತ್ 2.0 ಯೋಜನೆಯ ಗುರಿಯೇ ಮನೆಮನೆಗೆ ನಲ್ಲಿ. ಪಂಪಿನ ಕರೆಂಟ್ ಬಿಲ್ಲು, ಸುಟ್ಟ ಮೋಟರಿನ ರಿಪೇರಿ, ನೀರುಗಂಟಿಯ ಸಂಬಳ ಮಾತ್ರ ವರ್ಷವರ್ಷವೂ ಬರುವ ಖರ್ಚು. ಅವುಗಳಿಗೆ ಉದ್ಘಾಟನೆಯ ಫಲಕ ಇರುವುದಿಲ್ಲ.

ಕೋಡಿ ಬಿದ್ದ ಮೇಲೆ

ಜೂನ್‌ನಿಂದ ನವೆಂಬರ್‌ವರೆಗೆ ಮಾತು ಕೆರೆಗಳದ್ದು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ನಾಗರಕೆರೆ ಮತ್ತು ಸುತ್ತಲಿನ ಕೆರೆಸರಣಿಯನ್ನು ದಾಟಿ ಹೆಸರಘಟ್ಟಕ್ಕೆ ಹೋಗುತ್ತದೆ. ಅಲ್ಲಿಂದ ತಿಪ್ಪಗೊಂಡನಹಳ್ಳಿ, ರಾಮನಗರ ಹಾದು ಕನಕಪುರದಾಚೆ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಕೊಟ್ಟದ್ದು 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಹೆಸರಘಟ್ಟ. 1933ರಲ್ಲಿ ತಿಪ್ಪಗೊಂಡನಹಳ್ಳಿಯೂ ಸೇರಿತು. ಅಂದರೆ ದೊಡ್ಡಬಳ್ಳಾಪುರದ ಮೇಲೆ ಬಿದ್ದ ಮಳೆಯನ್ನು ಬೆಂಗಳೂರು ಬಹುಕಾಲ ಕುಡಿಯಿತು. ಈ ಜಲಾನಯನ ಪ್ರದೇಶವನ್ನು ಕಾಯಲು ರಾಜ್ಯ ಸರ್ಕಾರ 2003ರ ನವೆಂಬರ್‌ನಲ್ಲಿ ಅಧಿಸೂಚನೆಯನ್ನೂ ಹೊರಡಿಸಿತು.

2021 ಮತ್ತು 2022ರ ಭಾರಿ ಮಳೆಗೆ ಇಲ್ಲಿನ ಕೆರೆಗಳು ಸಾಲಾಗಿ ಕೋಡಿ ಹರಿದವು. ಹೆಸರಘಟ್ಟ ಕೆರೆ ದಶಕಗಳ ನಂತರ ತುಂಬಿತು. ನೋಡಲು ಜನ ಮುಗಿಬಿದ್ದರು.

ಎಲ್ಲ ಕೆರೆಗಳ ನೀರೂ ನೋಡುವಂತಿರಲಿಲ್ಲ. ನಗರದ ಕೆಳಗಿನ ಚಿಕ್ಕತುಮಕೂರು, ದೊಡ್ಡತುಮಕೂರು, ಮಜರಾಹೊಸಹಳ್ಳಿ ಭಾಗದ ಜನ ವರ್ಷಗಳಿಂದ ಒಂದೇ ದೂರು ಹೇಳುತ್ತಿದ್ದಾರೆ. ದೊಡ್ಡಬಳ್ಳಾಪುರದ ಒಳಚರಂಡಿಯ ನೀರು ಮತ್ತು ಬಾಶೆಟ್ಟಿಹಳ್ಳಿ ಕೈಗಾರಿಕಾ ಪ್ರದೇಶದ ತ್ಯಾಜ್ಯ ತಮ್ಮ ಕೆರೆಗಳಿಗೆ ಬರುತ್ತಿದೆ, ಅಂತರ್ಜಲ ಕೆಟ್ಟಿದೆ, ಸರಿಯಾದ ಶುದ್ಧೀಕರಣ ಘಟಕ ಕಟ್ಟಿ ಎಂಬುದು ಅವರ ಬೇಡಿಕೆ. ಮೆರವಣಿಗೆ, ಧರಣಿ, ಮತದಾನ ಬಹಿಷ್ಕಾರದ ಎಚ್ಚರಿಕೆ ಎಲ್ಲವೂ ಆಗಿವೆ.

ಇದರ ಹಿಂದಿನ ಲೆಕ್ಕವೂ ಸರಳ. ಮನೆಗೆ ಬಂದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂದು ಎಂಜಿನಿಯರುಗಳು ಹಿಡಿಯುತ್ತಾರೆ. ಲಕ್ಷ ಜನರಿಗೆ ಮಾನದಂಡದಷ್ಟು ನೀರು ಕೊಟ್ಟರೆ ದಿನಕ್ಕೆ 1 ಕೋಟಿ ಲೀಟರಿಗೂ ಹೆಚ್ಚು ಕೊಳಚೆ. ನೀರಿನ ಯೋಜನೆ ದೊಡ್ಡದಾದಷ್ಟೂ ಒಳಚರಂಡಿಯ ಹೊರೆಯೂ ದೊಡ್ಡದು. ನಗರದೊಳಗೆ ಯುಜಿಡಿ (ಒಳಚರಂಡಿ) ಸಂಪರ್ಕ ಸಿಕ್ಕಿದ ಮನೆ ಪ್ರಗತಿಯ ಅಂಕಿಯಾಗಿ ವರದಿಗೆ ಸೇರುತ್ತದೆ. ಅದೇ ಪೈಪಿನ ಇನ್ನೊಂದು ತುದಿ ಇರುವುದು ಹಳ್ಳಿಯಲ್ಲಿ. ಆ ಹಳ್ಳಿಯವರು ನಗರಸಭೆಯ ಮತದಾರರಲ್ಲ, ಅವರ ದೂರಿಗೆ 31 ವಾರ್ಡ್‌ಗಳಲ್ಲಿ ಒಬ್ಬ ಸದಸ್ಯನೂ ಇಲ್ಲ.

ಊರಿನ ಕಸ, ಪರವೂರಿನ ಕಸ

ಸೆಪ್ಟೆಂಬರ್ 23 ರಾಜ್ಯದಲ್ಲಿ ಪೌರಕಾರ್ಮಿಕರ ದಿನ. ಅಂದು ಸನ್ಮಾನ, ಆಟೋಟ, ಸಿಹಿಯೂಟ. ಮಾರನೇ ದಿನ ಬೆಳಗಿನ ಜಾವ ಮತ್ತೆ ಪೊರಕೆ, ತಳ್ಳುಗಾಡಿ. 700 ಜನಸಂಖ್ಯೆಗೆ ಒಬ್ಬ ಪೌರಕಾರ್ಮಿಕ ಎಂಬುದು ಕರ್ನಾಟಕದ ಮಾನದಂಡ. ಲಕ್ಷ ಜನರಿಗೆ ಸುಮಾರು 143 ಮಂದಿ ಬೇಕು. ತಲಾ 300 ಗ್ರಾಂ ಎಂದು ಹಿಡಿದರೂ ದಿನಕ್ಕೆ 30 ಟನ್ ಕಸ. ಅದರಲ್ಲಿ ಅರ್ಧಕ್ಕರ್ಧ ಹಸಿ ಕಸ. ಘನತ್ಯಾಜ್ಯ ನಿಯಮಗಳ ಪ್ರಕಾರ ಅದನ್ನು ಮನೆಯಲ್ಲೇ ಬೇರ್ಪಡಿಸಿ ಕೊಡಬೇಕು. ಬೇರ್ಪಡಿಸಿದರೆ ಗೊಬ್ಬರ, ಇಲ್ಲದಿದ್ದರೆ ರಾಶಿ. ಬೀದಿಗೆ ಬರುವ ಕಸದ ಆಟೋದಲ್ಲಿ ಹಸಿ–ಒಣ ಎಂದು ಎರಡು ಖಾನೆಗಳಿದ್ದೂ ಕೊಡುವವರು ಒಂದೇ ಕವರಿನಲ್ಲಿ ಸುತ್ತಿ ಎಸೆದರೆ ವರ್ಷದ ಕೊನೆಗೆ ಯಾವ ಯಂತ್ರ ತಂದರೂ ಪ್ರಯೋಜನವಿಲ್ಲ.

ದೊಡ್ಡಬಳ್ಳಾಪುರಕ್ಕೆ ತನ್ನ ಕಸದ ಜೊತೆ ಬೆಂಗಳೂರಿನ ಕಸದ ಸಂಕಟವೂ ಇದೆ. ರಾಜಧಾನಿಯ ಅಂಚಿನ ಮಾವಳ್ಳಿಪುರ, ಮಂಡೂರಿನ ರಾಶಿಗಳು ಜನರ ಹೋರಾಟದಿಂದ ನಿಂತವು. ಆ ಮೇಲೆ ಲಾರಿಗಳು ದೊಡ್ಡಬಳ್ಳಾಪುರ ತಾಲ್ಲೂಕಿನತ್ತ ತಿರುಗಿದವು. ಗುಂಡ್ಲಹಳ್ಳಿಯ ಕಸದ ಘಟಕದ ವಿರುದ್ಧ ಹೋರಾಟ ನಡೆದು ಅದು ಮುಚ್ಚಿತು. ಚಿಗರೇನಹಳ್ಳಿ ಬಳಿಯ ಎಂಎಸ್‌ಜಿಪಿ ಕಸ ಸಂಸ್ಕರಣಾ ಘಟಕದ ವಿರುದ್ಧ ಸುತ್ತಲಿನ ಗ್ರಾಮಸ್ಥರು ದಿನಗಟ್ಟಲೆ ರಸ್ತೆಯಲ್ಲಿ ಕೂತು ಲಾರಿ ತಡೆದರು. ದೊಡ್ಡಬಳ್ಳಾಪುರದ ಕೊಳಚೆ ಬೆಂಗಳೂರಿನ ಹಳೆಯ ಕುಡಿಯುವ ನೀರಿನ ಹಾದಿಗೆ ಹೋಗುತ್ತದೆ, ಬೆಂಗಳೂರಿನ ಕಸ ದೊಡ್ಡಬಳ್ಳಾಪುರದ ಹಳ್ಳಿಗೆ ಬರುತ್ತದೆ. ಎರಡು ನಗರಗಳ ನಡುವಿನ ಈ ಕೊಡು–ಕೊಳ್ಳುವಿಕೆಯನ್ನು ಯಾವ ನಗರಸಭೆಯ ವಾರ್ಷಿಕ ವರದಿಯೂ ಬರೆಯುವುದಿಲ್ಲ.

ಗಡಿಯಾಚೆಯ ಬೆಳವಣಿಗೆ

ಜಿಲ್ಲೆಯ ಬೆಳವಣಿಗೆಯ ಪಟ್ಟಿ ಓದಿದರೆ ಯಾರಿಗಾದರೂ ತಲೆ ತಿರುಗಬೇಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ಬಳಿ ಶುರುವಾದ ವಿಮಾನ ನಿಲ್ದಾಣದಲ್ಲಿ 2024–25ರಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು. ದೇವನಹಳ್ಳಿ–ದೊಡ್ಡಬಳ್ಳಾಪುರ ನಡುವಿನ ಪ್ರದೇಶದಲ್ಲಿ ಸುಮಾರು 300 ಎಕರೆಯಲ್ಲಿ ಎದ್ದ ಫಾಕ್ಸ್‌ಕಾನ್ ಕಾರ್ಖಾನೆಯಲ್ಲಿ 2025ರಲ್ಲಿ ಐಫೋನ್ ತಯಾರಿಕೆ ಆರಂಭವಾಯಿತು. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ಟೌನ್ ವರ್ತುಲ ರಸ್ತೆಯ ಸುಮಾರು 80 ಕಿಲೋಮೀಟರ್ ಸಂಚಾರಕ್ಕೆ ತೆರೆದಿದೆ. ದೊಡ್ಡಬಳ್ಳಾಪುರ ಮತ್ತು ಡಾಬಸ್‌ಪೇಟೆ ನಡುವೆ 5,800 ಎಕರೆಯ ಕ್ವಿನ್ ಸಿಟಿ ಎಂಬ ಹೊಸ ನಗರ ಕಟ್ಟುವುದಾಗಿ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಘೋಷಿಸಿತು. ಇಷ್ಟರ ನಡುವೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಸ್ವಾಧೀನವನ್ನು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ವಿರೋಧಿಸಿದರು. 2025ರ ಜುಲೈ 15ರಂದು ಸರ್ಕಾರ ಅದನ್ನು ಕೈಬಿಟ್ಟಿತು.

ಈ ಪಟ್ಟಿಯಲ್ಲಿ ದೊಡ್ಡಬಳ್ಳಾಪುರ ನಗರಸಭೆಯ ಗಡಿಯೊಳಗೆ ಇರುವುದು ಯಾವುದು? ಒಂದೂ ಇಲ್ಲ.

ಊರಿಗೆ ಹತ್ತಿರದ ಉದಾಹರಣೆ ಬಾಶೆಟ್ಟಿಹಳ್ಳಿ. ಕೆಐಎಡಿಬಿ ಕೈಗಾರಿಕಾ ಪ್ರದೇಶ, ಅಪೆರಲ್ ಪಾರ್ಕ್, ಗಾರ್ಮೆಂಟ್ಸ್ ಕಾರ್ಖಾನೆಗಳು ಅತ್ತ ಇವೆ. ಶಿಫ್ಟ್ ಮುಗಿದಾಗ ಬಸ್ಸು, ಆಟೋ, ಟೆಂಪೋಗಳಲ್ಲಿ ತುಂಬಿ ಬರುವ ಕೆಲಸಗಾರರಲ್ಲಿ ಬಹಳಷ್ಟು ಮಂದಿ ಬಾಡಿಗೆಗೆ ಇರುವುದು, ಸಂತೆ ಮಾಡುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು ದೊಡ್ಡಬಳ್ಳಾಪುರದಲ್ಲಿ. ಅವರ ನೀರು, ಕಸ, ಚರಂಡಿ, ಬೀದಿದೀಪದ ಖರ್ಚು ನಗರಸಭೆಯದು. ಕಾರ್ಖಾನೆಯ ಕಟ್ಟಡದ ತೆರಿಗೆ ಅತ್ತ ಬೇರೆ ಸ್ಥಳೀಯ ಸಂಸ್ಥೆಯದು. ಹೀಗೆ ಆದಾಯ ಒಂದು ಕಡೆ, ಜನ ಇನ್ನೊಂದು ಕಡೆ.

ನಗರಸಭೆಯ ಗಡಿಯೊಳಗೆ ಉಳಿದಿರುವ ಉದ್ಯಮ ಹಳೆಯದು, ಅದು ಮಗ್ಗ. ದೊಡ್ಡಬಳ್ಳಾಪುರದ ಬೀದಿಗಳಲ್ಲಿ ವಿದ್ಯುತ್ ಮಗ್ಗದ ಸದ್ದು ಇಲ್ಲದ ಹಗಲಿಲ್ಲ. ಸಾವಿರಾರು ಮಗ್ಗಗಳಲ್ಲಿ ಹೆಚ್ಚಿನವು ಮನೆಗೇ ಹೊಂದಿಕೊಂಡಿವೆ. ಮುಂದಿನ ಕೋಣೆಯಲ್ಲಿ ಎರಡು ಮಗ್ಗ, ಹಿಂದೆ ಅಡುಗೆಮನೆ, ಮೇಲೆ ಮಲಗುವ ಜಾಗ. ಸೂರತ್‌ನಿಂದ ಅಗ್ಗದ ಸೀರೆ ಬಂದು ಬಿದ್ದಾಗ, 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳು ಮುಚ್ಚಿದಾಗ ಈ ಮನೆಗಳ ಒಲೆಗೇ ಪೆಟ್ಟು ಬಿತ್ತು. 2023ರ ನವೆಂಬರ್‌ನಿಂದ 10 ಅಶ್ವಶಕ್ತಿವರೆಗಿನ ಮಗ್ಗಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ವಿದ್ಯುತ್ ಉಚಿತವಾಗಿ ಸ್ವಲ್ಪ ಉಸಿರಾಡುವಂತಾಯಿತು. ನಗರಸಭೆಗೆ ಈ ಮನೆ ಮನೆಯೋ ಕಾರ್ಖಾನೆಯೋ ಎಂಬುದು ಇಂದಿಗೂ ಇಕ್ಕಟ್ಟಿನ ಪ್ರಶ್ನೆ. ವಾಣಿಜ್ಯ ದರದ ತೆರಿಗೆ, ಉದ್ದಿಮೆ ಪರವಾನಗಿ ಎಂದು ಹಿಡಿದರೆ ನೇಕಾರ ಸೋಲುತ್ತಾನೆ, ಬಿಟ್ಟರೆ ಖಜಾನೆ ಸೊರಗುತ್ತದೆ.

ಪಕ್ಕದ ಊರುಗಳು ಗಡಿಯ ಸಮಸ್ಯೆಯನ್ನು ಬೇರೆ ಬೇರೆ ರೀತಿ ಬಿಡಿಸಿಕೊಳ್ಳಲು ನೋಡಿವೆ. ನೆಲಮಂಗಲ ಪುರಸಭೆ ಅರಿಶಿನಕುಂಟೆ, ವಾಜರಹಳ್ಳಿ ಮುಂತಾದ ಅಕ್ಕಪಕ್ಕದ ಪಂಚಾಯಿತಿಗಳನ್ನು ಸೇರಿಸಿಕೊಂಡು ನಗರಸಭೆಯಾಯಿತು. ಹತ್ತೇ ವರ್ಷದಲ್ಲಿ 36 ಸಾವಿರದಿಂದ 57 ಸಾವಿರಕ್ಕೆ ಬೆಳೆದ ಹೊಸಕೋಟೆ ನಗರಸಭೆಯಾಗಿ, 2020ರ ಫೆಬ್ರವರಿಯಲ್ಲಿ 31 ವಾರ್ಡ್‌ಗಳಿಗೆ ಚುನಾವಣೆ ಕಂಡಿತು. ಬೆಳಗಿನ ಜಾವದ ದಮ್ ಬಿರಿಯಾನಿಗೆ ಬೆಂಗಳೂರಿನವರು ಹುಡುಕಿಕೊಂಡು ಬರುವ ಆ ಊರು ಈಗ ಚೆನ್ನೈ ಎಕ್ಸ್‌ಪ್ರೆಸ್‌ವೇಯ ಬಾಗಿಲೂ ಹೌದು. ದೇವನಹಳ್ಳಿಯ ಸ್ಥಿತಿ ಇನ್ನೂ ವಿಚಿತ್ರ. ಟಿಪ್ಪು ಹುಟ್ಟಿದ, ಚಕ್ಕೋತಕ್ಕೆ ಭೌಗೋಳಿಕ ಸೂಚಿಕೆ ಪಡೆದ ಆ ಪಟ್ಟಣದ ಹೆಸರು ಜಗತ್ತಿಗೆಲ್ಲ ಗೊತ್ತಿದ್ದರೂ ವಿಮಾನ ನಿಲ್ದಾಣ ಇರುವುದು ಪಟ್ಟಣದ ಎಲ್ಲೆಯ ಹೊರಗೆ.

ಗಡಿ ಹಿಗ್ಗಿಸುವುದು ನಕ್ಷೆಯ ಮೇಲೆ ಗೆರೆ ಎಳೆದಷ್ಟು ಸುಲಭವಲ್ಲ. ಹಳ್ಳಿ ನಗರಾಡಳಿತಕ್ಕೆ ಸೇರಿದ ದಿನವೇ ಅಲ್ಲಿನ ಕೂಲಿಯವರಿಗೆ ಉದ್ಯೋಗ ಖಾತ್ರಿ ಕೆಲಸ ನಿಲ್ಲುತ್ತದೆ, ಮನೆಗಂದಾಯ ಏರುತ್ತದೆ. ಯುಜಿಡಿ, ಬೀದಿದೀಪ, ಡಾಂಬರು ಬರಲು ವರ್ಷಗಳು ಬೇಕು. ಹೀಗಾಗಿ ಎಲ್ಲ ಪಂಚಾಯಿತಿಗಳೂ ನಗರವಾಗಲು ತುದಿಗಾಲಲ್ಲಿ ನಿಂತಿಲ್ಲ.

ಖಾತೆಯ ಕಥೆ

ಬೆಳೆಯುವ ಊರಿನಲ್ಲಿ ಜನ ನಗರಸಭೆಯ ಮೆಟ್ಟಿಲು ಹತ್ತುವುದು ಹೆಚ್ಚಾಗಿ ಖಾತೆಗಾಗಿ. 2024ರ ಅಕ್ಟೋಬರ್‌ನಲ್ಲಿ ನಗರ ಪ್ರದೇಶದ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. ಇ-ಆಸ್ತಿ ತಂತ್ರಾಂಶದಲ್ಲಿ ಹೆಸರಿಲ್ಲದಿದ್ದರೆ ಮಾರಾಟವಿಲ್ಲ, ಬ್ಯಾಂಕ್ ಸಾಲವಿಲ್ಲ. ಮರುವರ್ಷ ಸರ್ಕಾರ ಅನಧಿಕೃತ ಬಡಾವಣೆಗಳ ನಿವೇಶನಗಳಿಗೆ ಬಿ-ಖಾತಾ ಕೊಡುವ ಅಭಿಯಾನ ನಡೆಸಿತು. ಮೊದಲ ವರ್ಷ ದುಪ್ಪಟ್ಟು ತೆರಿಗೆ ಕಟ್ಟಿ ದಾಖಲೆಗೆ ಸೇರಬೇಕು.

ಜಮೀನಿನ ಬೆಲೆ ಏರಿದ ತಾಲ್ಲೂಕಿನಲ್ಲಿ ಇದರ ಪರಿಣಾಮ ಎರಡು ಬಗೆ. ಇಷ್ಟು ದಿನ ನೀರು, ದೀಪ ಬಳಸಿಯೂ ತೆರಿಗೆಯ ಪಟ್ಟಿಯಲ್ಲಿ ಇಲ್ಲದಿದ್ದ ಮನೆಗಳು ಲೆಕ್ಕಕ್ಕೆ ಬರುತ್ತವೆ, ನಗರಸಭೆಯ ಆದಾಯ ಹೆಚ್ಚುತ್ತದೆ. ಅದರ ಜೊತೆಗೇ, ರಸ್ತೆ, ಚರಂಡಿ ಬಿಡದೆ ಕಟ್ಟಿದ ಬಡಾವಣೆಗೂ ಒಂದು ಬಗೆಯ ಮಾನ್ಯತೆ ಸಿಗುತ್ತದೆ. ತೆರಿಗೆ ಕಟ್ಟಿದವರು ನಾಳೆ ಚರಂಡಿ ಕೇಳುತ್ತಾರೆ, ಕೇಳುವ ಹಕ್ಕೂ ಅವರಿಗಿದೆ. ಆ ಖರ್ಚನ್ನು ಲೇಔಟ್ ಮಾಡಿ ಮಾರಿದವರು ಭರಿಸಬೇಕಿತ್ತು. ಈಗ ಅದು ಊರಿನ ಲೆಕ್ಕಕ್ಕೆ ಬಂದು ಕೂತಿದೆ.

2011ರಲ್ಲಿ ನಿಂತ ಗಡಿಯಾರ

ಇಷ್ಟೆಲ್ಲ ಬೆಳವಣಿಗೆಯ ನಡುವೆ ದೊಡ್ಡಬಳ್ಳಾಪುರದ ಅಧಿಕೃತ ಜನಸಂಖ್ಯೆ ಇಂದಿಗೂ 2011ರದ್ದು. ಅಂದು 80 ಸಾವಿರ ದಾಟಿದ್ದ ಊರು ಇವತ್ತು ಎಷ್ಟು ದೊಡ್ಡದು ಎಂಬುದು ಯಾವ ಕಡತದಲ್ಲೂ ಇಲ್ಲ, ಏಕೆಂದರೆ 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೂಡಿ 2027ಕ್ಕೆ ಹೋಗಿದೆ. 15ನೇ ಹಣಕಾಸು ಆಯೋಗದ ಹಂಚಿಕೆಯೂ ಹಳೆಯ ಗಣತಿಯ ಮೇಲೆಯೇ ನಿಂತಿತ್ತು. ಪೌರಕಾರ್ಮಿಕರ ಹುದ್ದೆ ಮಂಜೂರಾತಿಗೂ, ನೀರಿನ ಯೋಜನೆಯ ಅಂದಾಜಿಗೂ ಗಣತಿಯ ಅಂಕಿಯೇ ಆಧಾರ. ಗಾರ್ಮೆಂಟ್ಸ್ ಕೆಲಸಕ್ಕೆ ಬಂದು ನೆಲೆಸಿದ ಕುಟುಂಬ ನೀರು ಬಳಸುತ್ತದೆ, ಕಸ ಕೊಡುತ್ತದೆ, ಅನುದಾನದ ಲೆಕ್ಕದಲ್ಲಿ ಮಾತ್ರ ಇಲ್ಲ.

ಜಿಲ್ಲೆಯ ಗುರುತೂ ಇದೇ ಗೊಂದಲದಲ್ಲಿದೆ. 1986ರ ಆಗಸ್ಟ್ 15ರಂದು ಹುಟ್ಟಿದ ಬೆಂಗಳೂರು ಗ್ರಾಮಾಂತರದಿಂದ 2007ರಲ್ಲಿ ರಾಮನಗರ ಬೇರೆಯಾಯಿತು. ಜಿಲ್ಲಾಧಿಕಾರಿ ಕಚೇರಿ ಬಹುಕಾಲ ಬೆಂಗಳೂರಿನೊಳಗೇ ಇದ್ದು, ಆ ಮೇಲೆ ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರದ ಬಳಿಗೆ ಬಂತು. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರ ಎಂದು ಬದಲಿಸಲು ಒಪ್ಪಿತು. ಹೆಸರಿನಿಂದ ಗ್ರಾಮಾಂತರ ಹೋದರೆ ನಿವೇಶನದ ಬೆಲೆ ಏರಬಹುದು. ನಲ್ಲಿ ನೀರಿನ ಸರದಿ ಅದರಿಂದ ಹತ್ತಿರವಾಗುವುದಿಲ್ಲ.

ಮಾರ್ಚ್ ತಿಂಗಳ ಬಜೆಟ್

ವರ್ಷದ ಕೊನೆಗೆ ಬಜೆಟ್. ನಗರಸಭೆಗಳು ಮಂಡಿಸುವುದು ಸಾಮಾನ್ಯವಾಗಿ ಉಳಿತಾಯ ಬಜೆಟ್, ಮರುದಿನ ಪತ್ರಿಕೆಯ ತಲೆಬರಹವೂ ಅದೇ. ಉಳಿತಾಯ ಎಂದರೆ ಊರು ಶ್ರೀಮಂತ ಎಂದಲ್ಲ. ಹಿಂದಿನ ವರ್ಷ ಖರ್ಚಾಗದೆ ಉಳಿದ ಅನುದಾನ, ಈ ವರ್ಷ ಬರಬಹುದೆಂದು ಬರೆದುಕೊಂಡ ಅನುದಾನ ಎಲ್ಲ ಸೇರಿ ಆ ಮೊತ್ತ ಆಗಿರುತ್ತದೆ. ಹಣ ಬಂದರೂ ಕೈ ಕಟ್ಟಿರುತ್ತದೆ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಹೋಗಬೇಕಿತ್ತು. ಸ್ವಂತ ಸಂಪನ್ಮೂಲದಲ್ಲಿ ಶೇ 24.10 ಪರಿಶಿಷ್ಟ ಜಾತಿ–ಪಂಗಡಗಳಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಈ ಮೀಸಲು ಹಣ ಎಷ್ಟು ಖರ್ಚಾಯಿತು, ಎಷ್ಟು ಹಾಗೇ ಉಳಿಯಿತು ಎಂಬುದು ವರ್ಷದ ಕೆಲಸಕ್ಕೆ ಒಳ್ಳೆಯ ಅಳತೆಗೋಲು.

ಹಾಗೆ ಅಳೆಯಲು ಜನರೂ ಬಜೆಟ್ಟಿನ ಸಭೆಗೆ ಬರಬೇಕು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಲ್ಲಿ ಬಜೆಟ್ಟಿನ ಒಂದು ಭಾಗವನ್ನು ನಾಗರಿಕರೇ ಬಡಾವಣೆವಾರು ಸಭೆ ಸೇರಿ ನಿರ್ಧರಿಸುವ ಪದ್ಧತಿ ತಂದಿತು. ಚರಂಡಿ ಮೊದಲೋ ಪಾರ್ಕ್ ಮೊದಲೋ ಎಂದು ಜನ ಕೈ ಎತ್ತಿ ಹೇಳುತ್ತಿದ್ದರು. ಕರ್ನಾಟಕದ ನಗರಸಭೆಗಳೂ ಬಜೆಟ್ಟಿಗೆ ಮುನ್ನ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಬರುವವರು ಬೆರಳೆಣಿಕೆಯಷ್ಟು. ಬಂದವರೂ ತಮ್ಮ ಬೀದಿಯ ದೀಪ, ತಮ್ಮ ಮನೆಯ ಮುಂದಿನ ಗುಂಡಿಯ ಮಾತಾಡಿ ಎದ್ದು ಹೋಗುತ್ತಾರೆ.

ದೊಡ್ಡಬಳ್ಳಾಪುರವೇ ಇರಲಿ, ಹೊಸಕೋಟೆ, ನೆಲಮಂಗಲ, ದೇವನಹಳ್ಳಿಯೇ ಇರಲಿ, ಮುಂದಿನ ಪೂರ್ವಭಾವಿ ಸಭೆಯ ನೋಟಿಸ್ ಬಂದಾಗ ಓದುಗರು ಕಳೆದ ವರ್ಷದ ಆಡಳಿತ ವರದಿಯನ್ನು ಕೇಳಿ ಪಡೆದು, ಕೈಯಲ್ಲಿ ಹಿಡಿದುಕೊಂಡು ಹೋಗಬೇಕು. ಪ್ರತಿ ವಾರ್ಡಿಗೆ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬಂತು? ಒಳಚರಂಡಿಯ ನೀರಿನಲ್ಲಿ ಎಷ್ಟು ಪಾಲು ಶುದ್ಧವಾಗಿ ಹೊರಹೋಯಿತು, ಅದನ್ನು ಪರೀಕ್ಷಿಸಿದವರು ಯಾರು? ಬರಬೇಕಾದ ಆಸ್ತಿ ತೆರಿಗೆಯಲ್ಲಿ ಎಷ್ಟು ಬಂತು, ದೊಡ್ಡ ಬಾಕಿದಾರರು ಯಾರು? ಮೀಸಲಿಟ್ಟ ಹಣದಲ್ಲಿ ಖರ್ಚಾಗದೆ ಉಳಿದದ್ದೆಷ್ಟು? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರವನ್ನು ಬರಹದಲ್ಲಿ ಕೇಳಿ, ಆ ಹಾಳೆಯನ್ನು ಮುಂದಿನ ವರ್ಷದ ಸಭೆಗೆ ಜೋಪಾನವಾಗಿ ಇಟ್ಟುಕೊಳ್ಳಿ.